ಕನ್ನಡಿಯೊಳಗಿನ ಹಾಲ್

ಗೆಳೆಯರೇ, ಬಾಡಿಗೆ ಮನೆ ದೊಡ್ಡದಾಗಿ ಕಾಣಲೆಂದು ಗೋಡೆಗೆ ಕನ್ನಡಿ ಹಾಕುವವರು ಒಮ್ಮೆ ಯೋಚಿಸಿ.

ಕಮರಿಪೇಟೆಯಲ್ಲಿ ಮುಚ್ಚಿಹೋದ ಕಟಿಂಗ್ ಅಂಗಡಿಯೊಂದರ ಆಳೆತ್ತರದ ಕನ್ನಡಿಯನ್ನು ಇವತ್ತು ಬೆಳಿಗ್ಗೆ ತಂದು ನಮ್ಮ ಹಾಲ್‌ಗೆ ಹಾಕಿದೆ. ಮೊಳೆ ಹೊಡೆದ ಸದ್ದಿಗೆ ಕೆಳಗಿನ ಮನೆಯಿಂದ ಮಾಲಕಿ ಶಾಂತಕ್ಕ ಓಡಿಬಂದು ಬಾಗಿಲಲ್ಲೇ ಚೀರಿದರು.

"ಯಪ್ಪಾ! ಗ್ವಾಡಿ ಒಡದ್ರೇನ್ರಿ?"

"ಇಲ್ರಿ ಅಕ್ಕಾರ, ಅದು ಕನ್ನಡಿ."

ಮುಟ್ಟಿ ನೋಡಿದರು. ಹಾಗೇ ಸೆರಗೂ ಸರಿಮಾಡಿಕೊಂಡರು.

"ಭಾಳ ಛಲೋ ಆತು. ಇವತ್ತಿನ ಶುಕ್ರವಾರದ ಅರಿಷಿಣ ಕುಂಕುಮ ಇಲ್ಲೇ ಮಾಡೂಣು. ನಮ್ಮ ಹಾಲ್ ಸಣ್ಣದಾಗತೈತಿ."

ಅವರ ಹಾಲ್‌ನಲ್ಲಿ ನಮ್ಮಂಥವು ಎರಡು ಹಿಡಿಯುತ್ತವೆ.

"ಅಕ್ಕಾರ, ಇದು ಬರೇ ಹತ್ತು ಫೂಟ್ ಐತ್ರಿ."

"ನೀವು ಹತ್ತು ಅಂತೀರಿ. ನನ್ನ ಕಣ್ಣಿಗೆ ಇಪ್ಪತ್ತು ಕಾಣಾಕತ್ತೈತಲ್ರಿ!"

ಸಂಜೆ ಓಣಿಯ ಹದಿನೈದು ಹೆಣ್ಣುಮಕ್ಕಳು ಬಂದರು. ಹದಿನೈದೂ ಮಂದಿಗೆ ಕನ್ನಡಿಯ ಮುಂದೆಯೇ ಕೂರಬೇಕು. ಕುಂಕುಮದ ಬಟ್ಟಲು ಹಿಡಿದ ನನ್ನ ಹೆಂಡತಿ ನನ್ನತ್ತ ತಿರುಗಿದಳು.

"ನೀವು ಹೊರಗ ನಡೀರಿ. ಇಲ್ಲಿ ನಿಂತ್ರ ಇಬ್ಬಿಬ್ರು ಕಾಣ್ತೀರಿ."

ಹೀಗಾಗಿ ಈಗ ಶಾಂತಕ್ಕನ ಆ ಸಣ್ಣ ಹಾಲ್‌ನಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಎದುರಿನ ಸೋಫಾದಲ್ಲಿ ಅವರ ಯಜಮಾನರು ಉದ್ದಕ್ಕೆ ಕಾಲು ಚಾಚಿ ಮಲಗಿದ್ದಾರೆ. ಈಗಷ್ಟೇ ಕಣ್ಣು ತೆರೆಯದೆಯೇ ಹೇಳಿದರು:

"ತಮ್ಮಾ, ಆ ಕನ್ನಡಿ ಮಾತ್ರ ತಗೀಬ್ಯಾಡ. ನಮ್ಮ ಮನ್ಯಾಗ ಇಷ್ಟು ಜಾಗಾ ಐತಿ ಅಂತ ನನಗ ಇವತ್ತ ಗೊತ್ತಾತು."