ಪಿಸ್ಟನ್ನಿಗೆ ವಿಭೂತಿ

ಮೊನ್ನೆ ಆಯುಧಪೂಜೆಯ ದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ನನ್ನ ಮೋಟಾರ್ ಸೈಕಲ್ಲಿನ ಪಿಸ್ಟನ್ನು ದೇವರ ಮನೆಯಲ್ಲಿ ಕೂತಿದೆ!

ಬರೀ ಕೂತಿದ್ದರೆ ಪರವಾಗಿರಲಿಲ್ಲ. ಬಾಳೆ ಎಲೆಯ ಮೇಲೆ, ಮೈತುಂಬ ವಿಭೂತಿ ಬಳಿದುಕೊಂಡು, ತಲೆಗೊಂದು ಚೆಂಡು ಹೂ ಮುಡಿದುಕೊಂಡು ಕೂತಿತ್ತು. ಪಕ್ಕದಲ್ಲಿ ಸಿಲಿಂಡರು. ಅದರ ಹೊರಗೂ ವಿಭೂತಿ, ಒಳಗೂ ವಿಭೂತಿ. ವಾಲ್ವುಗಳಿಗೆ ಕುಂಕುಮ. ನಮ್ಮವ್ವ ಕಣ್ಣು ಮುಚ್ಚಿ ಮಂಗಳಾರತಿ ಎತ್ತುತ್ತಿದ್ದಳು. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ.

(ಅದರಲ್ಲೇನು ತಪ್ಪು ಎಂದು ಕೇಳುತ್ತೀರಾ? ಸ್ವಲ್ಪ ತಾಳಿ, ಹೇಳುತ್ತೇನೆ.)

ನನ್ನ ಹತ್ತಿರ ಒಂದು ಹಳೆಯ ಇಂಗ್ಲಿಷ್ ಗಾಡಿ ಇರುವುದು ಈ ಅಂಕಣ ಓದುವವರಿಗೆ ಗೊತ್ತೇ ಇದೆ. ಓದದವರಿಗೂ ಅದರ ಸದ್ದು ಗೊತ್ತು. ಷೋಕಿಗೆ ಇಟ್ಟುಕೊಂಡ ಗಾಡಿಯಲ್ಲ ಅದು. ನನ್ನ ಹೆಂಡತಿ ಗಿರಿಜಾ ಕುಕ್ಕುವಾಡದ ಶಾಲೆಯಲ್ಲಿ ಟೀಚರು. ಮದುವೆಯಾಗಿ ಎಷ್ಟೋ ವರ್ಷ ಮನೆಯಲ್ಲಿದ್ದು, ಆಮೇಲೆ ಟ್ರೈನಿಂಗ್ ಮಾಡಿ, ಕಾದು ಕಾದು ಪಡೆದ ಕೆಲಸ. ಬೆಳಗಿನ ಬಸ್ಸು ಆ ಊರು ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದು, ಹಾಜರಿಯೂ ಮುಗಿದಿರುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ಆಕೆಯನ್ನು ಹಿಂದೆ ಕೂರಿಸಿಕೊಂಡು, ಚಾನಲ್ ಏರಿಯ, ಅಂದರೆ ಕಾಲುವೆ ದಂಡೆಯ, ಮಣ್ಣು ರಸ್ತೆಯಲ್ಲಿ ಧೂಳೆಬ್ಬಿಸುತ್ತ ಹೋಗಿ ಬಿಟ್ಟು, ಮಂಡಿಪೇಟೆಯ ಹತ್ತಿ ಅಂಗಡಿಯ ನನ್ನ ಕೆಲಸಕ್ಕೆ ಓಡಿಬರುತ್ತೇನೆ.

ಮೊದಲ ದಿನ ಗಿರಿಜಾ ಹಿಂದೆ ಕೂತಾಗ ಅವ್ವ ಬಾಗಿಲಿಗೂ ಬರಲಿಲ್ಲ. ಒಳಗಿನಿಂದಲೇ, "ಹೆಣ್ಮಕ್ಳು ಕೂಡ್ರೋ ಸಾಮಾನೇನೋ ಅದು?" ಎಂದಿದ್ದಳು. ಆಮೇಲೆ ಆ ವಿಷಯ ಎತ್ತಲೇ ಇಲ್ಲ. ಅವ್ವ ಸುಮ್ಮನಾದರೆ ನಮಗೆ ಇನ್ನೂ ಭಯ.

ಚಾನಲ್ ಏರಿಯ ಧೂಳು ಸುಮ್ಮನೆ ಬಿಟ್ಟೀತೇ? ಇಂಜಿನ್ನನ್ನು ಒಳಗಿನಿಂದ ತಿನ್ನತೊಡಗಿತು. ಸೈಲೆನ್ಸರಿನಲ್ಲಿ ನೀಲಿ ಹೊಗೆ. ಪೆಟ್ರೋಲಿಗಿಂತ ಹೆಚ್ಚು ಆಯಿಲ್ಲೇ ಕುಡಿಯುತ್ತಿದೆಯೇನೋ ಎನ್ನುವಂತಾಯಿತು. ಏರಿ ಹತ್ತುವಾಗ ಗಿರಿಜಾ ಇಳಿದು, ಸೆರಗು ಸಿಕ್ಕಿಸಿ, ನಡೆದು ಬರಬೇಕು. ನಾನು ಮೇಲೆ ಹೋಗಿ ಕಾಯಬೇಕು. ಒಂದು ದಿನ ತಡ, ಮತ್ತೊಂದು ದಿನ ತಡ. ಕಡೆಗೆ ಹೆಡ್ಮಾಸ್ಟರು ಹೇಳಿಯೇ ಬಿಟ್ಟರು.

"ನೋಡ್ರಿ ಟೀಚರೇ, ದಸರಾ ರಜೆ ಆದ್ಮ್ಯಾಲೂ ಹಿಂಗೇ ಆದ್ರೆ ನಾ ಮ್ಯಾಲಿನೋರಿಗೆ ಬರೀಬೇಕಾಗ್ತೈತೆ. ಇಲ್ಲೇ ಮನೆ ಮಾಡ್ರಿ. ಇಲ್ಲಾ, ಕೆಲಸ ಬಿಡ್ರಿ."

ಮಕ್ಕಳ ಶಾಲೆ, ನನ್ನ ಅಂಗಡಿ, ಅವ್ವ, ಎಲ್ಲವನ್ನೂ ಬಿಟ್ಟು ಅಲ್ಲಿ ಮನೆ ಮಾಡುವುದು ಹೇಗೆ? ಅಂದರೆ ಉಳಿದದ್ದು ಕೆಲಸ ಬಿಡುವುದೊಂದೇ. ಗಿರಿಜಾ ಅವತ್ತು ರಾತ್ರಿ ಊಟಕ್ಕೆ ಕೂತವಳು ರೊಟ್ಟಿ ಮುರಿಯುತ್ತ ಕೂತಳೇ ಹೊರತು ಬಾಯಿಗೆ ಹಾಕಲಿಲ್ಲ.

ಪಿ.ಬಿ. ರಸ್ತೆಯ ಗಾಡಿ ಮಿಸ್ತ್ರಿ ರೇವಣ್ಣನ ಹತ್ತಿರ ಇಬ್ಬರೂ ಹೋದೆವು. ರೇವಣ್ಣ ಹಣೆಗೆ ವಿಭೂತಿ ಇಲ್ಲದೆ ನಟ್ಟು ಬಿಚ್ಚುವ ಪಾನ ಹಿಡಿಯದ ಮನುಷ್ಯ. ಮಂಡಕ್ಕಿ ಮೆಲ್ಲುತ್ತಲೇ ಕಿಕ್ ಒತ್ತಿ ನೋಡಿದ. ಅದು ತಕರಾರಿಲ್ಲದೆ ಕೆಳಗೆ ಹೋಯಿತು. ಪ್ಲಗ್ ಬಿಚ್ಚಿ, ಒಳಕ್ಕೆ ಒಂದು ಚಮಚ ಆಯಿಲ್ ಬಿಟ್ಟು, ಪ್ಲಗ್ ಹಾಕಿ ಮತ್ತೆ ಒತ್ತಿದ. ಈಗ ಕಾಲಿಗೆ ಗಟ್ಟಿಯಾಗಿ ಎದುರು ಕೊಟ್ಟಿತು.

"ಆಯಿಲ್ ಬಿಟ್ರೆ ಬಿಗಿ ಆಗ್ತೈತೆ. ಅಂದ್ರೆ ವಾಲ್ವು ಅಲ್ಲ, ಪಿಸ್ಟನ್ ರಿಂಗು, ಸಿಲಿಂಡರಿನ ಒಳಗಿನ ಬೋರು ಸವೆದಾವೆ. ಫೋರ್ ಸ್ಟ್ರೋಕ್ ಇಂಜಿನ್ನಿಗೆ ನಾಕು ಕೆಲಸ ನೋಡವ್ವಾ. ಎಳ್ಕೊಳ್ಳೋದು, ಒತ್ತೋದು, ಸಿಡಿಯೋದು, ಉಗುಳೋದು. ನಿಮ್ಮದು ಉಗುಳೋದೊಂದನ್ನೇ ನೆಟ್ಟಗೆ ಮಾಡ್ತೈತೆ."

ಬೇಸಿಗೆ ರಜೆಯಲ್ಲೇ ಬಿಚ್ಚಬಹುದಿತ್ತು. ಆದರೆ ಆಗ ನಡೆಯುತ್ತಿತ್ತಲ್ಲ! ನಡೆಯುತ್ತಿರುವುದನ್ನು ನಾವು ಯಾರಾದರೂ ಬಿಚ್ಚುತ್ತೇವೆಯೇ? ಸೋರುವ ಮಾಳಿಗೆ, ನೋಯುವ ಹಲ್ಲು, ಮುನಿಸಿಕೊಂಡ ಅಣ್ಣತಮ್ಮಂದಿರು, ಎಲ್ಲವನ್ನೂ 'ಇನ್ನೊಂದಿಷ್ಟು ದಿನ ನಡೀಲಿ' ಎಂದು ತಳ್ಳುವ ಜಾತಿ ನಮ್ಮದು. ಮೇಲಾಗಿ ನನಗೊಂದು ಭಯವಿತ್ತು. ರೇವಣ್ಣನ ಅಂಗಡಿಯ ಹಿಂದೆ ಗೋಣಿಚೀಲಗಳಲ್ಲಿ ಬಿದ್ದಿರುವ ಇಂಜಿನ್ನುಗಳನ್ನು ನೀವು ನೋಡಿದ್ದೀರಾ? ಅವುಗಳೂ ಒಂದು ಕಾಲಕ್ಕೆ 'ಸುಮ್ಮನೆ ಬಿಚ್ಚಿ ನೋಡೋಣ' ಎಂದೇ ಬಂದಂಥವು. ಒಂದರ ಮೇಲೆ ಕೋಳಿ ಕಾವಿಗೆ ಕೂತಿತ್ತು.

"ಸದ್ಯಕ್ಕೆ ಬರೀ ರಿಂಗ್ ಬದಲಾಯಿಸಿದ್ರೆ?" ಎಂದೆ ನಾನು.

"ಬದಲಾಯಿಸಬಹುದು."

"ಎಷ್ಟು ದಿನ ಬರ್ತದೆ?" ಗಿರಿಜಾ ಕೇಳಿದಳು.

"ಬಂದಷ್ಟು ದಿನ ಬರ್ತೈತವ್ವಾ. ಬೋರು ಮೊಟ್ಟೆ ಆಕಾರ ಆಗೈತೆ. ದುಂಡನೆ ರಿಂಗು ಅದ್ರಾಗೆ ಹೆಂಗೆ ಕೂಡ್ತೈತೆ?"

"ಹಾಗಾದ್ರೆ ಪೂರ್ತಿ ಮಾಡ್ರಿ. ದಸರಾ ರಜೆಯಲ್ಲೇ ಆಗ್ಬೇಕು."

ಅಷ್ಟೇ. ನಾನು ಆರು ತಿಂಗಳಿಂದ ಯೋಚಿಸುತ್ತಿದ್ದುದನ್ನು ಆಕೆ ನಿಂತ ಕಾಲಲ್ಲೇ ತೀರ್ಮಾನಿಸಿದಳು.

ರೇವಣ್ಣ ಒಂದೇ ಷರತ್ತು ಹಾಕಿದ. ಹೊಸ ಪಿಸ್ಟನ್ನು ಕೈಗೆ ಬರುವವರೆಗೆ ಗಾಡಿಯ ಒಂದು ನಟ್ಟನ್ನೂ ಮುಟ್ಟುವುದಿಲ್ಲ! ಪಿಸ್ಟನ್ ಅಳತೆ ನೋಡಿ ಬೋರು ಕೊರೆಯಬೇಕೇ ಹೊರತು ಬೋರು ಕೊರೆದು ಪಿಸ್ಟನ್ ಹುಡುಕಬಾರದಂತೆ. (ಆ ಗೋಣಿಚೀಲಗಳ ರಹಸ್ಯ ಆಗ ತಿಳಿಯಿತು.) ವಿಲಾಯತಿ ಪಿಸ್ಟನ್ನು ಈಗಿನ ಕಾಲದಲ್ಲಿ ಸಿಗಬೇಕಲ್ಲ! ಪರಿಚಯದ ಲಾರಿಯವರೊಬ್ಬರು ಬೊಂಬಾಯಿಯಿಂದ ಹುಡುಕಿ ತಂದುಕೊಡುವಷ್ಟರಲ್ಲಿ ರಜೆ ಶುರುವಾಗಿಯೇ ಬಿಟ್ಟಿತ್ತು. ರೇವಣ್ಣ ಅವತ್ತೇ ಇಂಜಿನ್ ಬಿಚ್ಚಿದ. ಸಿಲಿಂಡರನ್ನೂ ಪಿಸ್ಟನ್ನನ್ನೂ ತೊಡೆಯ ಮೇಲೆ ಇಟ್ಟುಕೊಂಡು ರೈಲಿನಲ್ಲಿ ಹರಿಹರಕ್ಕೆ ಹೋದೆ. ಎದುರಿಗೆ ಕೂತ ಹಿರಿಯರು ಬಹಳ ಹೊತ್ತು ನೋಡಿ, "ಏನ್ರಿ ಇದು, ಹೊಸ ನಮೂನಿ ಒರಳಾ?" ಎಂದರು. ಹರಿಹರದ ಲೇತಿನವರು ಕೊರೆದುಕೊಟ್ಟ ಬೋರು ಕನ್ನಡಿಯಂತೆ ಹೊಳೆಯುತ್ತಿತ್ತು.

ವಾಪಸ್ಸು ಬಂದರೆ ರೇವಣ್ಣನ ಅಂಗಡಿಗೆ ಹಬ್ಬದ ಸುಣ್ಣ ಹೊಡೆಯುತ್ತಿದ್ದರು. "ಇಲ್ಲಿ ಬ್ಯಾಡ, ಮನೆಗೆ ಒಯ್ರಿ. ಹಬ್ಬ ಆದ ಮರುದಿನ ನಾನೇ ಬಂದು ತಗೊಂಡು ಹೋಗಿ ಕೂಡಿಸ್ತೀನಿ. ಒಳಗೆ ಒಂದು ಕಣ ಧೂಳು ಬೀಳಬಾರ್ದು, ಹೇಳೀನಿ!" ಎಂದು ಎಲ್ಲವನ್ನೂ ಹಳೆಯ ಪಂಚೆಯಲ್ಲಿ ಕಟ್ಟಿಕೊಟ್ಟ.

ಒಂದು ಕಣವೂ ಬೀಳಬಾರದಾಗಿದ್ದ ಗಂಟನ್ನು ಅವ್ವ ಬಿಚ್ಚಿ, ಅಂಗೈತುಂಬ ವಿಭೂತಿ ಬಳಿದಿದ್ದಳು. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಕದಲಿಸುವಂತೆಯೂ ಇಲ್ಲ. ನಾನು ಹಬ್ಬದ ಹೋಳಿಗೆಯನ್ನು ಔಷಧಿಯಂತೆ ನುಂಗಿದೆ.

ಮರುದಿನ ರೇವಣ್ಣ ಬಂದ. ನೋಡಿದ. ಕೈ ಮುಗಿಯಬೇಕೋ ತಲೆ ಚಚ್ಚಿಕೊಳ್ಳಬೇಕೋ ಅವನಿಗೆ ತಿಳಿಯಲಿಲ್ಲ. ಹಣೆಯ ವಿಭೂತಿ ಬೆವರಿನಲ್ಲಿ ಕರಗತೊಡಗಿತು.

"ಅವ್ವಾ, ವಿಭೂತಿ ಅಂದ್ರೂ ಬೂದಿನೇ ಅಲ್ವಾ? ಬೂದೀಲಿ ಪಾತ್ರೆ ತಿಕ್ಕಲ್ವಾ ನೀವು? ಇದು ಒಳಗೆ ಸೇರ್ಕೊಂಡ್ರೆ ಬೋರನ್ನೂ ಹಂಗೇ ತಿಕ್ಕುತ್ತೈತೆ."

"ಹಂಗಾರೆ ಒರೆಸಪ್ಪಾ."

"ಪೂಜೆ ಮಾಡಿದ್ದನ್ನ ನಾ ಹೆಂಗೆ ಎಣ್ಣೆ ಬಟ್ಟೇಲಿ ಒರೆಸ್ಲಿ? ನಂಗಾಗಲ್ಲ."

ನನಗೆ ರೇಗಿತು. "ಅವ್ವಾ, ಹೋದ ವರ್ಷ ಟ್ಯಾಂಕಿಗೆ ಹಚ್ಚಿದ್ಯಲ್ಲ, ಈ ಸಲ ಇದನ್ನ ಯಾಕ ಬಿಚ್ಚಿದೆ?"

"ಟ್ಯಾಂಕಿಗೆ ಹಚ್ಚಿ ಏನಾತು? ಕೆಟ್ಟಿದ್ದು ಒಳಗಲ್ಲೇನು? ಅದ್ಕೇ ಈ ಸಲ ಒಳಗೇ ಹಚ್ಚೀನಿ." ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹುಡುಗಿ ಟೈಮಿಗೆ ಸಾಲಿ ಮುಟ್ಲಿ ಅಂತ. ಅವತ್ತು ಊಟ ಬಿಟ್ಟಿದ್ದು ನಾ ನೋಡಿಲ್ಲ ಅನ್ಕೊಂಡೀರಾ?"

ಗಾಡಿ ಕೆಟ್ಟರೆ ಅವ್ವನಿಗೆ ಒಳಗೊಳಗೇ ಖುಷಿ ಎಂದುಕೊಂಡಿದ್ದೆನಲ್ಲ! ಗಿರಿಜಾ ಅತ್ತೆಯ ಪಕ್ಕ ಹೋಗಿ ಕೂತಳು.

"ಅತ್ತೆ, ನಾಳೆ ಪೂಜೆಗೆ ಕೂತಾಗ ನಿಮ್ಮ ಲಿಂಗಕ್ಕೆ ಇವತ್ತು ಹಚ್ಚಿದ ವಿಭೂತಿ ಹಂಗೇ ಇರ್ತದಾ?"

"ಎಲ್ಲಿ ಇರ್ತೈತೆ? ಮೊದ್ಲು ನೀರು ಹಾಕಿ ತೊಳೀತೀನಲ್ಲ."

"ಹಾಗಾದ್ರೆ ಇದಕ್ಕೂ ನೀವೇ ಅಭಿಷೇಕ ಮಾಡ್ರಿ."

ರೇವಣ್ಣನ ಮುಖ ಅರಳಿತು. ಅಂಗಳದಲ್ಲಿ ಹಿತ್ತಾಳೆ ಪರಾತ ಇಟ್ಟೆವು. ಅವ್ವ ಚೆಂಬಿನಲ್ಲಿ ಸೀಮೆಎಣ್ಣೆ ಹೊಯ್ದಳು, ರೇವಣ್ಣ ಸಂದುಗೊಂದು ಬಿಡದೆ ಭಕ್ತಿಯಿಂದ ತಿಕ್ಕಿ ತೊಳೆದ. ಸೀಮೆಎಣ್ಣೆ ಆಯಿತು, ಸೋಪಿನ ಬಿಸಿನೀರು ಆಯಿತು, ಕಡೆಗೆ ಹೊಸ ಆಯಿಲ್ ಸವರಿದ್ದಾಯಿತು. (ತೀರ್ಥ ಮಾತ್ರ ಯಾರೂ ಕೇಳಲಿಲ್ಲ.)

ಗಾಡಿ ಸಂಜೆಗೆ ಮನೆ ಮುಂದೆ ಬಂದು ನಿಂತಿತು. ಹೊಗೆ ಇಲ್ಲ, ಕಟಕಟ ಸದ್ದಿಲ್ಲ. ರೇವಣ್ಣನದು ಒಂದೇ ಎಚ್ಚರಿಕೆ: ಹೊಸ ರಿಂಗು ಬೋರಿಗೆ ಹೊಂದಿಕೊಳ್ಳುವವರೆಗೆ ಮೂವತ್ತು ಮೈಲಿ ವೇಗ ದಾಟಿಸಬಾರದು.

ಹಾಗಾಗಿ ಬೇಗ ಹೊರಡಬೇಕು. ಸೋಮವಾರ ಮಿಲ್ಲಿನ ಸೈರನ್ ಕೂಗುವ ಮೊದಲೇ ಅವ್ವ ಎದ್ದು ರೊಟ್ಟಿ ತಟ್ಟುತ್ತಿದ್ದಳು. ಬುತ್ತಿ ಕಟ್ಟಿ, ಬಾಗಿಲಿಗೆ ಬಂದು, ಸೊಸೆಯ ಸೆರಗು ಚಕ್ರಕ್ಕೆ ಸಿಗದಂತೆ ತಾನೇ ಸಿಕ್ಕಿಸಿ ಕಳಿಸಿದಳು. ಚಾನಲ್ ಏರಿಯನ್ನು ಗಿರಿಜಾ ಕೂತೇ ಹತ್ತಿದಳು. ಶಾಲೆ ಮುಟ್ಟಿದಾಗ ಹೆಡ್ಮಾಸ್ಟರು ಇನ್ನೂ ಬೀಗ ತೆಗೆಯುತ್ತಿದ್ದರು. ನಷ್ಟವಾದದ್ದು ಹುಡುಗರಿಗೆ ಮಾತ್ರ. ಮುಂಚೆ ಗಾಡಿಯ ಸದ್ದು ಮೈಲಿ ದೂರದಿಂದ ಕೇಳಿ ಒಳಗೋಡುತ್ತಿದ್ದವರು ಅವತ್ತು ಗೋಲಿಯ ಸಮೇತ ಸಿಕ್ಕಿಬಿದ್ದರು!

ನಿನ್ನೆ ಸಂಜೆ ಅವ್ವ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ, ಸೀಟನ್ನು ಒತ್ತಿ ನೋಡಿ ಕೇಳಿದಳು: "ನಿಧಾನ ಓಡಿಸ್ಬೇಕು ಅಂದಾನಲ್ಲ ಮಿಸ್ತ್ರಿ. ಹರಿಹರಕ್ಕೆ ಹೋಗಿ ದೇವರಿಗೆ ಕಾಯಿ ಒಡೆಸ್ಕೊಂಡು ಬರೋಕೆ ನಂಗೇನು ಅವಸರ?"

ಆದ್ದರಿಂದ ಓದುಗರೇ, ಈ ಭಾನುವಾರ ಹರಿಹರದ ರಸ್ತೆಯಲ್ಲಿ ನಿಮ್ಮ ಮುಂದೆ ಒಂದು ಗಾಡಿ ತೀರಾ ನಿಧಾನವಾಗಿ ಹೋಗುತ್ತಿದ್ದರೆ ದಯವಿಟ್ಟು ಹಾರನ್ ಬಾರಿಸಬೇಡಿ, ಹಿಂದೆ ಕೂತಿರುವುದು ನಮ್ಮವ್ವ.