ಅಕ್ಕನಾಗಮ್ಮನ ನಾಲ್ಕನೆಯ ಮುತ್ತು

ಐವತ್ತನಾಲ್ಕನೆಯ ಇಸವಿಯಲ್ಲಿ ನಾನು ಸೊಲ್ಲಾಪುರದ ಧೂಳಪ್ಪನವರ ಫೋಟೋ ಅಂಗಡಿಯಲ್ಲಿ ಸಂಬಳಕ್ಕಿದ್ದೆ. ಕೆಲಸ ಟಚಿಂಗ್: ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ಜನರ ಮುಖದ ಸಿಡುಬಿನ ಕಲೆ ಅಳಿಸುವುದು. ಸ್ವಂತ ಮೋರೆಯ ಮೊಡವೆಗೆ ಉಪಾಯ ಕಾಣದವನು ಊರನ್ನೆಲ್ಲ ಚೆಲುವು ಮಾಡುತ್ತಿದ್ದೆ.

ಅಕ್ಕನಾಗಮ್ಮ ಗಿರಣಿಯಲ್ಲಿ ನೂಲು ಸುತ್ತುತ್ತಿದ್ದರು. ಗಂಡ ತೀರಿ ಆರು ವರ್ಷ. ಒಂದು ದಿನ ಅಂಗಡಿಗೆ ಬಂದು, ಸೆರಗಿನ ಗಂಟು ಬಿಚ್ಚಿ, ಅತ್ತೆಯಿಂದ ಬಂದ ಮುತ್ತಿನ ಸರ ತೆಗೆದರು. ಅಕ್ಕಲಕೋಟೆಯಲ್ಲಿ ಭಾವನ ಮಗಳ ಮದುವೆ. ಮದುವೆಗೆಂದು ಒಡವೆ ಕೇಳಿದರೆ ನಮ್ಮಲ್ಲಿ ಇಲ್ಲವೆನ್ನುವಂತಿಲ್ಲ. ಕೊಟ್ಟ ಸರವೇ ತಿರುಗಿ ಬಂದೀತೋ, ಅಂಥದ್ದೇ ಇನ್ನೊಂದು ಬಂದೀತೋ ಎಂಬುದು ಆಕೆಯ ಚಿಂತೆ.

"ನೆಗೆಣ್ಣಿ ಪಾರ್ವತಿಬಾಯಿ ಒಳ್ಳೆಕಿನ ಅದಾಳ. ಆದ್ರೂ ಮದವಿ ಮನಿ ನೋಡು. ಇದರಾಗ ನನ್ನ ಗುರ್ತ ಒಂದೈತಿ."

"ಏನ ಗುರ್ತರಿ, ಅಕ್ಕಾ?"

"ಊರಿಗೆಲ್ಲಾ ಹೇಳಿದ್ರ ಅದ್ಯಾವ ಗುರ್ತೋ ತಮ್ಮಾ! ಇದ್ದದ್ದ ಇದ್ದಂಗ ತಗೀರಿ, ಸಾಕು."

ಧೂಳಪ್ಪನವರು ತಮ್ಮ ಕರಿ ಕೋಟು ಹಾಸಿ, ಸರ ಹರವಿ, ಫೋಟೋ ತೆಗೆದರು. ಸರ ಮರಳಿಸಲು ಬರುವ ನೆಗೆಣ್ಣಿಯ ಕಣ್ಣಿಗೆ ಬಿದ್ದೀತೆಂದು ಆಕೆ ಫೋಟೋವನ್ನು ನಮ್ಮಲ್ಲೇ ಇರಿಸಲು ಹೇಳಿ ಹೋದರು.

ನೆಗೆಟಿವ್‌ನಲ್ಲಿ ಪದಕದಿಂದ ನಾಲ್ಕನೆಯ ಮುತ್ತಿನ ಮೇಲೆ ಎರಡು ಚುಕ್ಕೆ ಕಂಡವು. ಕಲೆ ಕಂಡರೆ ನನ್ನ ಕೈ ಸುಮ್ಮನಿರುತ್ತಿರಲಿಲ್ಲ. ಅರ್ಧ ಗಂಟೆ ಕೂತು ಮುಚ್ಚಿದೆ. ಅಂಥ ನುಣುಪು ಮುತ್ತು ಸಮುದ್ರದಲ್ಲೂ ಹುಟ್ಟಿರಲಿಕ್ಕಿಲ್ಲ.

ಮದುವೆಯಾಗಿ ಎಂಟು ದಿನಕ್ಕೆ ಅಕ್ಕನಾಗಮ್ಮ ಬಂದರು. ಪಾರ್ವತಿಬಾಯಿಯ ಎದುರಿಗೆ ಸರ ತಡವಿ ನೋಡುವುದು ಶೋಭಿಸದೆಂದು ಗಂಟು ಬಿಚ್ಚದೆಯೇ ತಂದಿದ್ದರು. ಮೊದಲು ಫೋಟೋ ನೋಡಿದರು, ಮತ್ತೆ ಮತ್ತೆ ನೋಡಿದರು. ಆಮೇಲೆ ಸರ ತೆಗೆದು ಒಂದೊಂದೇ ಮುತ್ತಿನ ಮೇಲೆ ಉಗುರಾಡಿಸಿದರು. ನಾಲ್ಕನೆಯದರಲ್ಲಿ ಉಗುರು ತಡೆಯಿತು.

"ಸರ ನಂದ ಐತಿ. ಈ ಫೋಟೋ ಯಾರದು?"

"ಕಲೆ ಇತ್ತರಿ, ಅಳಸೀನಿ" ಎಂದೆ, ಹೆಮ್ಮೆಯಿಂದಲೇ.

"ಕಲಿ ಅಲ್ಲೋ ಖೋಡಿ! ನಮ್ಮ ಮನಿಯವರು ಕೂಸಿದ್ದಾಗ ಅವ್ವನ ಕೊಳ್ಳಾಗಿನ ಸರ ಕಚ್ಚಿದ್ದ ಹಲ್ಲ ಅವು. ನಿನ್ನ ಫೋಟೋ ನಂಬಿದ್ರ ಚೊಲೋ ಹೆಣಮಗಳನ್ನ ಕಳ್ಳಿ ಮಾಡ್ತಿದ್ನೆಲ್ಲೋ!"

ಒಳಗೆ ಧೂಳಪ್ಪನವರು ಕೆಮ್ಮಿದರು. ಅವರಿಗೆ ಕೆಮ್ಮೇನೂ ಇರಲಿಲ್ಲ.

"ಸರ ಬಂತಲ್ಲರಿ. ಫೋಟೋ ಹರೀಲೇನು?"

"ಇದನ್ನ ಹರಿ. ಹಲ್ಲ ಕಾಣೂವಂಥಾದ್ದ ಒಂದ ಮಾಡಿಕೊಡು. ಅವರು ಫೋಟೋ ಅಂತ ಒಂದೂ ತಗಸ್ಲಿಲ್ಲ."

ಟರ್ಪೆಂಟೈನಿನಲ್ಲಿ ಹತ್ತಿ ಅದ್ದಿ ನನ್ನ ಅರ್ಧ ಗಂಟೆಯ ಜಾಣತನ ಒರೆಸಿದೆ. ಎರಡು ಚುಕ್ಕೆ ಮರಳಿ ಬಂದವು. ಮರುದಿನ ಪ್ರಿಂಟು ಲಕೋಟೆಗೆ ಹಾಕಿ, ಯಾರ ಹೆಸರು ಬರೆಯಲೆಂದು ಕೇಳಿದೆ. ಗಂಡನ ಹೆಸರನ್ನು ಬಾಯಲ್ಲಿ ಎಂದೂ ಹೇಳದ ಆಕೆ ತುಸು ಯೋಚಿಸಿದರು.

"ಮನಿಯವರು ಅಂತ ಬರಿ."

ಹಾಗೇ ಬರೆದುಕೊಟ್ಟೆ.