ದುರ್ಬೀನಿಗೆ ಮುಂಚಿನ ಹತ್ತು ನಿಮಿಷ

ನನ್ನ ಅಣ್ಣ ಯಾವುದಕ್ಕೂ ಹತ್ತು ನಿಮಿಷ ಕಾದವನಲ್ಲ. ಚಹಾ ಆರುವ ಮೊದಲೇ ಕುಡಿದು ನಾಲಿಗೆ ಸುಟ್ಟುಕೊಳ್ಳುತ್ತಿದ್ದ. ಸಿದ್ದಾಪುರದ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮುಂಚೆಯೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದ. ಕೊನೆಗೆ ಹೋದದ್ದೂ ಹಾಗೆಯೇ. ಎದೆ ಹಿಡಿದುಕೊಂಡು ಕೂತವನು ನಾನು ನೀರು ತರುವಷ್ಟರಲ್ಲಿ ಇರಲಿಲ್ಲ. ಅಂಥವನು ಮೂರು ತಿಂಗಳಿಗೊಮ್ಮೆ ಗಂಗಾವತಿಯ ಒಬ್ಬ ಡಾಕ್ಟರ ಮುಂದೆ ಹತ್ತು ನಿಮಿಷ ತೆಪ್ಪಗೆ ಮಲಗುತ್ತಿದ್ದ. ಅವನನ್ನು ನೆನೆಯಲು ಕೂತರೆ ಆ ಹತ್ತು ನಿಮಿಷವೇ ಮೊದಲು ಬರುತ್ತದೆ.

ಅವನ ಮೂತ್ರಕೋಶದಲ್ಲಿ ಗಂಟು ಬೆಳೆದಿತ್ತು. ದೊಡ್ಡ ಊರಿಗೆ ಹೋಗಿ ತೆಗೆಸಿದೆವು. ಅದು ಮತ್ತೆ ಬೆಳೆಯುವ ಜಾತಿ. ಆಗಾಗ ಮೂತ್ರದ ದಾರಿಯಲ್ಲಿ ದುರ್ಬೀನಿನ ನಳಿಗೆ ತೂರಿಸಿ ನೋಡುತ್ತಿರಬೇಕು. ಮೊದಲ ಸಲ ಬೇರೆಲ್ಲೋ ಮಾಡಿಸಿದಾಗ ಜೋಮು ಹಿಡಿಸುವ ಜೆಲ್ ಹಾಕಿದ ಬೆನ್ನಿಗೇ ದುರ್ಬೀನನ್ನೂ ಹಾಕಿದ್ದರು. ಅಣ್ಣನ ಕೂಗು ಹೊರಗಿನ ಬೆಂಚಿನವರೆಗೂ ಕೇಳಿತ್ತು. "ಸತ್ರೂ ಚಿಂತಿಲ್ಲ ತಮ್ಮಾ, ಇನ್ನೊಮ್ಮಿ ಬರಂಗಿಲ್ಲ" ಎಂದ. ತೋರಿಸದೆ ಬಿಟ್ಟರೆ ಆ ಮಾತೇ ನಿಜವಾಗುತ್ತಿತ್ತು. ಕಾಡಿ ಬೇಡಿ ಗಂಗಾವತಿಗೆ ಕರೆದುಕೊಂಡು ಹೋದೆ.

ಈ ಡಾಕ್ಟರು ಜೆಲ್ಲನ್ನು ಮೆಲ್ಲಗೆ ಒಳಗೆ ಬಿಟ್ಟು, ಗೋಡೆಯ ಗಡಿಯಾರ ನೋಡಿ, ಸ್ಟೂಲ್ ಎಳೆದುಕೊಂಡು ಕೂತರು. ಜೋಮು ಹಿಡಿಯಲು ಹೊತ್ತು ಬೇಕಂತೆ. ಹಲ್ಲುನೋವಿಗೆ ಲವಂಗ ಇಟ್ಟ ಮರುಗಳಿಗೆಯೇ ನಾವು ಅತ್ತರೆ ಅವ್ವ ಗದರುತ್ತಿದ್ದಳು: "ಅದಕ್ಕೂ ಹತ್ತಾಕ ಹೊತ್ತು ಬ್ಯಾಡೇನು?" ಔಷಧ ಕಂಡುಹಿಡಿದವರು ದೊಡ್ಡವರು, ನಿಜ. ಹೊರಗೆ ಅಷ್ಟು ಜನ ಸಾಲಿನಲ್ಲಿರುವಾಗ ಅದು ಹತ್ತುವವರೆಗೆ ಕಾಯುವವರೂ ಸಣ್ಣವರಲ್ಲ.

"ಯಜಮಾನ್ರ, ಭತ್ತದ ಸಸಿ ಕಿತ್ತು ಮತ್ತ ನೆಡೋದ್ಯಾಕ್ರಿ? ಒಮ್ಮಿಗೇ ಬಿತ್ತಿದ್ರ ಆಗಂಗಿಲ್ಲೇನ್ರಿ?" ಎಂದು ಡಾಕ್ಟರು ಕೇಳಿದರು.

ಅಣ್ಣ ಧೋತರವಿಲ್ಲದ್ದನ್ನೂ ಮರೆತು ತಲೆ ಎತ್ತಿದ. "ಏನ್ ಕೇಳ್ತೀರಿ ಸಾಹೇಬ್ರ! ಇಕ್ಕಟ್ಟಿನ್ಯಾಗ ಇದ್ರ ಅದು ತೆನಿ ಬಿಡ್ತೈತೇನ್ರಿ? ಕಿತ್ತಾಗ ಬೇರು ಹರೀತಾವು. ನಾಕ ದಿನ ಹಳದಿ ಆಗಿ ಬಾಡ್ತಾವು. ಆಮ್ಯಾಲ ತಾವ ಹಸರ ಆಗ್ತಾವು."

ಹೀಗೆ ಮಾತು ಕಾಲುವೆಯ ನೀರಿಗೆ, ಸೋನಾ ಭತ್ತಕ್ಕೆ ಹರಿಯುವಷ್ಟರಲ್ಲಿ ಹತ್ತು ನಿಮಿಷ ಆಗಿತ್ತು, ಕೆಲಸವೂ ಮುಗಿಯಿತು. ನೋವೇ ಇರಲಿಲ್ಲ ಎಂದರೆ ಸುಳ್ಳಾದೀತು. ಸ್ವಲ್ಪ ಒತ್ತಿದಂತೆ, ಉರಿದಂತೆ ಆಯಿತಂತೆ. ಆದರೆ ಕೂಗಲಿಲ್ಲ. ಪಕ್ಕದಲ್ಲಿ ನಿಂತು ದುರ್ಬೀನು ನೋಡಿದ ನನ್ನನ್ನೇ ಬೆಂಚಿನ ಮೇಲೆ ಮಲಗಿಸಿ ನೀರು ಚಿಮುಕಿಸಬೇಕಾಯಿತು.

ಮುಂದೆ ಪ್ರತಿ ಸಲವೂ ಡಾಕ್ಟರದು ಅದೇ ಪ್ರಶ್ನೆ, ಅಣ್ಣನದು ಅದೇ ಉತ್ತರ. ಬಸ್ಸಿನಲ್ಲಿ ನನ್ನ ಕಿವಿಯಲ್ಲಿ ಹೇಳುತ್ತಿದ್ದ: "ಮನಿಷ್ಯಾ ಭಾಳ ಛಲೋ. ಆದ್ರ ತಲಿ ಸ್ವಲ್ಪ ಮಂದ ನೋಡಪಾ." ನಾನೂ ಹೌದೆನ್ನುತ್ತಿದ್ದೆ. ಗಂಟು ಮತ್ತೆ ಬರಲೇ ಇಲ್ಲ.

ಅವನು ಹೋಗಿ ಹದಿನೈದು ದಿನಕ್ಕೆ ತಪಾಸಣೆಯ ಸರದಿ ಇತ್ತು. ಇನ್ನು ಬರುವುದಿಲ್ಲವೆಂದು ತಿಳಿಸಲು ಹೋದೆ. ಡಾಕ್ಟರು ನನ್ನ ಬೋಳಿಸಿದ ತಲೆ ನೋಡಿದರು. ಏನಾಯಿತು, ಹೇಗಾಯಿತು ಎಂದು ಊರವರಂತೆ ಕೇಳಲಿಲ್ಲ. ಸ್ಟೂಲ್ ಎಳೆದು ನನ್ನನ್ನು ಕೂರಿಸಿ, ತಾವೂ ಕೂತು ಕೇಳಿದರು: "ಭತ್ತದ ಸಸಿ ಕಿತ್ತು ಮತ್ತ ನೆಡೋದ್ಯಾಕ್ರಿ?"

ಅಣ್ಣನ ಹಾಗೆಯೇ ಶುರುಮಾಡಿದೆ. "ಇಕ್ಕಟ್ಟಿನ್ಯಾಗ ತೆನಿ ಬಿಡಂಗಿಲ್ರಿ... ಕಿತ್ತಾಗ ಬೇರು ಹರೀತಾವು... ಹಳದಿ ಆಗಿ..." ಹದಿನೈದು ದಿನ ಬಾರದ ಅಳು ಅಲ್ಲಿ ಬಂತು. ಡಾಕ್ಟರು ಈ ಸಲ ಗಡಿಯಾರ ನೋಡಲಿಲ್ಲ.

"ಆಮ್ಯಾಲ ತಾವ ಹಸರ ಆಗ್ತಾವಲ್ರಿ" ಎಂದರು ಕೊನೆಗೆ.

ಉತ್ತರ ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ತಲೆ ಮಂದವಿದ್ದದ್ದು ನಮ್ಮ ಅಣ್ಣತಮ್ಮಂದಿರದೇ.